ಬಾಗಿನದ ಜೊತೆ ಬಂದ ವಿಡಿಯೋ ಗೇಮ್

ನನ್ನ ಬಾಯಿ ಕೆಟ್ಟದ್ದು. ಊರೇ ಹೇಳುತ್ತದೆ, ನಾನೂ ಒಪ್ಪುತ್ತೇನೆ. ಆದರೆ ಒಪ್ಪಿಕೊಳ್ಳುವಷ್ಟರಲ್ಲಿ ಅದು ಮಾಡಬಾರದ್ದನ್ನು ಮಾಡಿ ಮುಗಿಸಿತ್ತು.

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ನಮ್ಮದು ರೇಷ್ಮೆ ನೂಲಿಗೆ ಹುರಿ ಹಾಕುವ ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮಿಷನ್ನು. ಅವು ಓಡುವಾಗ ಯಾರಾದರೊಬ್ಬರು ಎದುರಿಗೆ ಕೂತಿರಬೇಕು, ಎಳೆ ತುಂಡಾದ ತಕ್ಷಣ ಗಂಟು ಹಾಕಬೇಕು. ಆ ಕಾವಲು ನನ್ನ ಹೆಂಡತಿಯದು. ಅವಳ ತವರೂರಿನ ಜಾಗವೆಲ್ಲ ವಿಮಾನ ನಿಲ್ದಾಣಕ್ಕೆ ಹೋಗಿತ್ತು. ಮನೆಯಿಲ್ಲ, ಹೊಲವಿಲ್ಲ, ಅಪ್ಪ ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ತವರು ಅಂತ ಅವಳಿಗೆ ಉಳಿದಿದ್ದವನು ಒಬ್ಬ ತಮ್ಮ. ದೇವನಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅದೇ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಎತ್ತಿಹಾಕುವ ಕೆಲಸಕ್ಕೆ ಸೇರಿದ್ದ.

ಆ ವರ್ಷ ಗೌರಿ ಹಬ್ಬಕ್ಕೆ ಅವನು ಬಾಗಿನದ ಮೊರದ ಜೊತೆ ಅಂಗೈಯಗಲದ ವಿಡಿಯೋ ಗೇಮ್ ಒಂದನ್ನು ತಂದ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದಂತೆ. "ಕದಿರು ನೋಡ್ಕೊಂಡು ಕೂತು ಬೇಜಾರಾಗುತ್ತೆ ಅಂತಿದ್ಯಲ್ಲಕ್ಕ, ಇದ್ರಲ್ಲಿ ಆಡ್ಕೋ" ಎಂದ. ಮೂವತ್ತೈದು ದಾಟಿದ ಹೆಂಗಸಿಗೆ ಆಟದ ಸಾಮಾನು! ನನಗೆ ನಗು ಬಂತು. ಅವಳು ನಗಲಿಲ್ಲ. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ ಅದು. ಎಳೆ ತುಂಡಾದರೆ ಎದ್ದು ಹೋಗಿ ಗಂಟು ಹಾಕುವುದು, ಬಂದು ಮತ್ತೆ ಆಟ ಹಿಡಿಯುವುದು. ಒಂದು ಸಾಲು ಪೂರಾ ಆದರೆ ಒಬ್ಬಳೇ "ಅಯ್ಯಪ್ಪಾ, ಬಚಾವಾದೆ" ಎನ್ನುತ್ತಿದ್ದಳು.

ಮುಂದಿನ ತಿಂಗಳು ಆಯುಧಪೂಜೆ. ಮಿಷನ್ನು, ಕತ್ತರಿ, ಸ್ಕೂಟರು, ಎಲ್ಲಕ್ಕೂ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಇಡುವುದು ನನ್ನ ಕೆಲಸ. "ನಿಂದೂ ಒಂದು ಆಯುಧ ಐತಲ್ಲ, ತಗೊಂಬಾ" ಎಂದು ತಮಾಷೆಗೆ ಆ ಗೇಮನ್ನೂ ಸಾಲಿನಲ್ಲಿಟ್ಟು ಬೊಟ್ಟಿಟ್ಟೆ, ಹೂವಿಟ್ಟೆ. ಮಾರನೆಯ ದಿನ ಅವಳು ಅದನ್ನು ಒರೆಸಿ ಪಕ್ಕದ ಸ್ವಿಚ್ಚು ಸರಿಸಿದರೆ ದೀಪವೇ ಹತ್ತಲಿಲ್ಲ.

ಹೊಸ ಪೆನ್ಸಿಲ್ ಸೆಲ್ ಹಾಕಿದೆ. ಸೆಲ್ ಕೂರುವ ಸ್ಪ್ರಿಂಗಿಗೆ ಮರಳು ಕಾಗದ ಉಜ್ಜಿದೆ. ಬೆನ್ನಿಗೆ ಸಿಕ್ಕಿಸಿದ್ದ ಆಟದ ಕ್ಯಾಸೆಟ್ಟು ತೆಗೆದು ಉಫ್ ಎಂದು ಊದಿ, ರಬ್ಬರಿನಲ್ಲಿ ತಿಕ್ಕಿ ಮತ್ತೆ ಸಿಕ್ಕಿಸಿದೆ. ಬಿಸಿಲಿಗಿಟ್ಟೆ. ಅಂಗೈಗೆ ಬಡಿದೆ. ಊಹೂಂ. ಟೀವಿ ರಿಪೇರಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಸ್ಕ್ರೂಗೆ ಮೂರು ಸೀಳವೆ ಗುರು, ನನ್ನತ್ರ ಡ್ರೈವರ್ ಇಲ್ಲ" ಎಂದು ವಾಪಸು ಕೊಟ್ಟ. ನನ್ನ ತಲೆ ಕೆಟ್ಟುಹೋಯಿತು.

ಭಾನುವಾರ ಬಾಮೈದನೇ ಬಂದ. ಅಕ್ಕ ಹೇಳಿದ್ದಳೇನೋ, ಎಲ್ಲಿಂದಲೋ ಆ ಮೂರು ಸೀಳಿನ ಸ್ಕ್ರೂಡ್ರೈವರ್ ತಂದಿದ್ದ. ಮನೆಯಲ್ಲಿ ನಮ್ಮ ಕಡೆಯ ನೆಂಟರು ಊಟಕ್ಕೆ ಬಂದಿದ್ದರು. ಅವನು ಒಂದು ಮೂಲೆಯಲ್ಲಿ ಕೂತು ಗೇಮಿನ ಬೆನ್ನು ಬಿಚ್ಚುತ್ತಿದ್ದ. ನೆಂಟರ ಎದುರಿಗೆ ನನಗೆ ಅದೇನು ಹುಮ್ಮಸ್ಸು ಬಂತೋ!

"ಬಾಗಿನ ಅಂತ ಗುಜರಿ ಮಾಲು ತಂದ್ಕೊಟ್ಟಿದ್ದೀಯಲ್ಲೋ. ಇದೇನಾ ನಿಮ್ಮಕ್ಕನ ತವರು?"

ಅವನ ಕೈ ನಿಂತಿತು. ಬಿಚ್ಚಿದ್ದರ ಒಳಗೆ ಒಂದು ಸಲ ನೋಡಿದ, ನನ್ನ ಮುಖವನ್ನು ಒಂದು ಸಲ ನೋಡಿದ. ಸ್ಕ್ರೂಗಳನ್ನು ಒಂದೊಂದಾಗಿ ಹಾಕಿ ಮುಚ್ಚಿ, ಮೇಜಿನ ಮೇಲಿಟ್ಟ. ಊಟಕ್ಕೂ ನಿಲ್ಲಲಿಲ್ಲ. ಅಕ್ಕ ಬಾಗಿಲವರೆಗೂ ಹೋಗಿ ಬಂದಳು. ಸ್ಕ್ರೂಡ್ರೈವರ್ ಅಲ್ಲೇ ಉಳಿಯಿತು.

ಮರುವರ್ಷದ ಗೌರಿಗೆ ಬಾಗಿನ ಬರಲಿಲ್ಲ. ಅವಳು ಹಸಿರು ಬಳೆ ತೊಟ್ಟು, ಅಕ್ಕಪಕ್ಕದ ಮನೆಗಳಿಗೆ ಬಂದ ಅಣ್ಣತಮ್ಮಂದಿರನ್ನು ಕಿಟಕಿಯಲ್ಲಿ ನೋಡುತ್ತಾ ಮಧ್ಯಾಹ್ನದವರೆಗೂ ಕೂತಿದ್ದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಆಯುಧಪೂಜೆ ಬಂತು. ಒದ್ದೆ ಕುಂಕುಮ ಅದ್ದಿದ ಬೆರಳನ್ನು ಎಂದಿನಂತೆ ಮಿಷನ್ನಿನ ಸ್ವಿಚ್ಚಿಗೆ ಒಯ್ದೆ. ಮೊದಲ ಬೊಟ್ಟು ಸ್ವಿಚ್ಚಿಗೇ ಇಡುವುದು ನನ್ನಪ್ಪನ ಕಾಲದ ರೂಢಿ. ಬೆರಳು ಅಲ್ಲೇ ನಿಂತುಬಿಟ್ಟಿತು. ಒಳಗೋಡಿ ಬೀರುವಿನಲ್ಲಿದ್ದ ಗೇಮನ್ನು ತೆಗೆದು, ಅವನು ಬಿಟ್ಟುಹೋದ ಸ್ಕ್ರೂಡ್ರೈವರಿನಲ್ಲೇ ಬಿಚ್ಚಿದೆ. ಸ್ವಿಚ್ಚು ಸರಿದಾಡುವ ಸಂದಿಯೊಳಗೆ ಕೆಂಪಗೆ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಸೂಜಿಯಲ್ಲಿ ಕೆದಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಆರಲು ಬಿಟ್ಟು ಸರಿಸಿದೆ. ಟಿಣ್ ಎಂದು ಹತ್ತಿಕೊಂಡಿತು.

ಸದ್ದು ಕೇಳಿ ಅವಳು ಬಾಗಿಲಲ್ಲಿ ಬಂದು ನಿಂತಳು. "ಅವ್ನು ಅವತ್ತೇ ನೋಡಿದ್ದ ಕಣ್ರೀ" ಎಂದಳು. "ನೆಂಟರ ಮುಂದೆ ಭಾವಂಗೆ ತಲೆ ತಗ್ಗೋ ಹಂಗಾಗುತ್ತೆ, ಹೇಳ್ಬೇಡಕ್ಕ ಅಂದ."

"ನೀನಾದ್ರೂ ಆಮೇಲೆ ಹೇಳ್ಬಾರ್ದಿತ್ತೇನೇ?"

"ನೀವಾಗೇ ಬಿಚ್ಚಿ ನೋಡ್ಲಿ ಅಂತ ಇದ್ದೆ. ಒಂದು ವರ್ಷ ಬೇಕಾಯ್ತು ನಿಮ್ಗೆ."

ಮಾರನೆಯ ದಿನವೇ ದೇವನಹಳ್ಳಿಗೆ ಹೋದೆ. ಅವನು ಕೆಲಸದ ಬಟ್ಟೆ ಹಾಕಿಕೊಂಡು ಮನೆಗೆ ಬೀಗ ಹಾಕುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಸುಮ್ಮನೆ ಗೇಮನ್ನು ತೆಗೆದು ಸ್ವಿಚ್ಚು ಸರಿಸಿ ತೋರಿಸಿದೆ. ಬೇಡದ ಹೊತ್ತಿನಲ್ಲೆಲ್ಲ ಓಡುವ ಬಾಯಿ ಇದು, ಥೂ!

"ಸರಿ ಹೋಯ್ತಲ್ಲ ಭಾವ. ಅಕ್ಕ ಆಡ್ಕೊಳ್ಳಲಿ."

"ತಪ್ಪಾಯ್ತು ಕಣೋ" ಎಂದೆ ಕೊನೆಗೆ. "ಮುಂದಿನ ಗೌರಿಗೆ ಬಾರೋ."

"ನೋಡಣ ಬಿಡಿ. ಬಸ್ಸಿಗೆ ಟೈಮಾಯ್ತು" ಎಂದು ಮೆಟ್ಟಿಲಿಳಿದು ಹೋದ. ಬೀಗ ಹಾಕಿದ ಬಾಗಿಲ ಮುಂದೆ ನಾನು ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಮುಂದಿನ ಗೌರಿಯ ದಿನ ಬೆಳಿಗ್ಗೆ ದೇವನಹಳ್ಳಿ ಬಸ್ಸಿನ ಕಂಡಕ್ಟರ್ ನಮ್ಮ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ಬಟ್ಟೆಯಲ್ಲಿ ಕಟ್ಟಿದ ಜೋಡಿ ಮೊರವನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಬಾಮೈದ ಕೊಟ್ಟಿದ್ದು" ಎಂದ. ಅವಳು ದೇವರ ಮುಂದಿಟ್ಟು ಬಿಚ್ಚಿದಳು. ಅಕ್ಕಿ, ಬೇಳೆ, ಬಳೆ, ತೆಂಗಿನಕಾಯಿ, ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ. ಕೆಳಗೆ, ಕಾಗದದಲ್ಲಿ ಸುತ್ತಿದ ಎರಡು ಹೊಸ ಪೆನ್ಸಿಲ್ ಸೆಲ್.

ಅವಳು ಸೆಲ್ಲುಗಳನ್ನು ಅಂಗೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಎಲ್ಲಾ ಕಳ್ಸವ್ನೆ" ಎಂದಳು. "ಅವ್ನೊಬ್ಬನ್ನ ಬಿಟ್ಟು."