ಛಾವಣಿಯೊಳಗಿಂದ ಮೂರು ತಟ್ಟು

ಕಾರಿನ ಸೀಟುಗಳನ್ನೆಲ್ಲ ಕಿತ್ತು ಗ್ಯಾರೇಜಿನ ಗೋಡೆಗೆ ಒರಗಿಸಿದ್ದರು. ಕಾರಿನೊಳಗೆ ಬರಿ ನೆಲದ ಮೇಲೆ ಒಂದು ಮಣೆ, ಮಣೆಯ ಮೇಲೆ ಅವಳು, ಅವಳ ನೆತ್ತಿಗೆ ಒಂದು ಗೇಣು ಮೇಲೆ ಹೊಸ ಛಾವಣಿ. ಹೊಸದು ಅಂದರೆ ಈ ಕಾರಿಗೆ ಹೊಸದು, ಅಷ್ಟೆ. ಯಾವುದೋ ಗುಜರಿಯ ಮೂಲೆಯಲ್ಲಿ ಕೋಳಿಗಳು ಹತ್ತಿ ಕೂರುತ್ತಿದ್ದ, ಇದೇ ಜಾತಿಯ ಇನ್ನೊಂದು ಮುದಿ ಕಾರಿನ ತಲೆಯಿಂದ ಕತ್ತರಿಸಿ ತಂದ ತಗಡು ಅದು. ಕಾರಿನ ಒಡೆಯರಿಗೆ ಹನ್ನೊಂದು ವರ್ಷ ಹುಡುಕಿದ ಮೇಲೆ ಸಿಕ್ಕಿದ್ದು. ಅಂಥ ಕಾರು ಮಾಡುವುದನ್ನು ನಿಲ್ಲಿಸಿ ನಲವತ್ತು ವರ್ಷವಾಗಿತ್ತು. ಇದು ಕೆಟ್ಟರೆ ಇನ್ನೊಂದಿಲ್ಲ.

ಹೊರಗೆ ಸ್ಟೂಲಿನ ಮೇಲೆ ನಿಂತು ಸುತ್ತಿಗೆ ಹಿಡಿದವನು ಅವಳ ಗಂಡ. ಆ ಬೀದಿಯಲ್ಲಿ ಮೇಸ್ತ್ರಿ ಅಂದರೆ ಅವನೊಬ್ಬನೇ, ತಗಡು ತಟ್ಟುವ ಉಳಿದ ಟಿಂಕರ್‌ಗಳೆಲ್ಲ ಅವನ ಕೈ ನೋಡಿ ಕಲಿತವರು. ತುಕ್ಕು ತಿಂದ ಹಳೆಯ ಛಾವಣಿಯನ್ನು ಕೊಯ್ದು ಇಳಿಸಿದ ದಿನ, ಒಡೆಯರ ಮುಂದೆ, ವೆಲ್ಡಿಂಗ್ ಮಾಡುವ ತನ್ನ ತಮ್ಮನ ಮುಂದೆ, ಎದುರು ಟಯರ್ ಅಂಗಡಿಯವನ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದ: "ಹಳ್ಳ ಮುಚ್ಚೋಕೆ ಇದಕ್ಕೆ ಪುಟ್ಟಿ ಮೆತ್ತೋದಿಲ್ಲ. ಕೈಕೆಲಸದಲ್ಲೇ ಕನ್ನಡಿ ಮಾಡಿ ಕೊಡ್ತೀನಿ. ಈ ತಗಡು ನನ್ನ ಕೈಯಲ್ಲಿ ಕೆಟ್ಟರೆ ಅವತ್ತೇ ಸುತ್ತಿಗೆ ಕೆಳಗಿಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಆಡಿಯಾಗಿತ್ತು.

ಒಳಗೆ ಕೂತವಳಿಗೆ ಮಾತ್ರ ಗೊತ್ತಿದ್ದ ಸಂಗತಿ ಒಂದಿತ್ತು. ಸುತ್ತಿಗೆ ಬೀಳಬೇಕಾದ ಜಾಗಕ್ಕೆ ಬೀಳುತ್ತಿರಲಿಲ್ಲ.

ತಗಡಿನ ಕೆಲಸಕ್ಕೆ, ಅದರಲ್ಲೂ ಛಾವಣಿಗೆ, ಎರಡು ಕೈ ಸಾಲದು. ಹೊರಗಿಂದ ಸುತ್ತಿಗೆ, ಒಳಗಿಂದ ಡಾಲಿ. ಡಾಲಿ ಅಂದರೆ ಸಾಬೂನಿನಷ್ಟು ದಪ್ಪದ, ನುಣ್ಣಗೆ ಉಜ್ಜಿದ ಉಕ್ಕಿನ ಗಟ್ಟಿ. ಏಟು ಬೀಳುವ ಜಾಗಕ್ಕೆ ಸರಿಯಾಗಿ ಅದನ್ನು ಒಳಗಿಂದ ಒತ್ತಿ ಹಿಡಿಯಬೇಕು. ಎರಡರ ನಡುವೆ ಸಿಕ್ಕ ತಗಡು ಟಣ್ ಅಂದು ಸಮವಾಗುತ್ತದೆ. ತಪ್ಪಿ ಬರಿ ತಗಡಿಗೆ ಬಿದ್ದರೆ ಡಬ್ ಅಂದು ಹಳ್ಳ ಬೀಳುತ್ತದೆ. ಆ ಹಳ್ಳ ಎತ್ತಲು ಹೋಗಿ ಹೆಚ್ಚು ಬಡಿದರೆ ತಗಡು ಹಿಗ್ಗಿ ಸಡಿಲವಾಗಿ, ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಡುಬುಕ್ ಅನ್ನುತ್ತದೆ. ಬಾಗಿಲಾದರೆ ಹೇಗೋ ಸುಧಾರಿಸಬಹುದು. ಛಾವಣಿಯ ನಡುಭಾಗ ಅಷ್ಟಗಲ, ಅಷ್ಟು ತೆಳು. ಅದು ಡುಬುಕ್ ಅಂದರೆ ಮುಗಿಯಿತು.

ಮದುವೆಯಾದ ಎರಡನೇ ವರ್ಷ, ಡಾಲಿ ಹಿಡಿಯುವ ಆಳು ಬರಲಿಲ್ಲವೆಂದು, ಊಟದ ಡಬ್ಬಿ ತಂದವಳನ್ನೇ ಕಾರಿನೊಳಗೆ ಕೂರಿಸಿದ್ದ. "ಒಂದರ್ಧ ಗಂಟೆ ಹಿಡ್ಕೊಳ್ಳೇ" ಅಂದಿದ್ದ. ಆ ಅರ್ಧ ಗಂಟೆ ಮೂವತ್ತೊಂದು ವರ್ಷವಾಯಿತು. ಬೀದಿಯವರು ಅವಳನ್ನು ಒಳಗಿನಕ್ಕ ಅಂತಲೇ ಕರೆಯುತ್ತಿದ್ದರು.

ಕೆಲಸದ ಹೊತ್ತಿನಲ್ಲಿ ಒಬ್ಬರಿಗೊಬ್ಬರ ಮುಖ ಕಾಣದು, ತಟ್ಟುವುದೇ ಮಾತು. ಅವನು ಸುತ್ತಿಗೆಯಿಂದ ಮೆಲ್ಲಗೆ ಮುಟ್ಟಿದರೆ ಇಲ್ಲಿ ಅಂತ. ಅವಳು ಡಾಲಿ ಇಟ್ಟು ಒಳಗಿಂದ ಒಂದು ತಟ್ಟಿದರೆ ಹೊಡಿ ಅಂತ. ಎರಡು ತಟ್ಟಿದರೆ ಜರುಗು. ಮೂರು ತಟ್ಟಿದರೆ ನಿಲ್ಲಿಸು, ಯಾಕೆ ಏನು ಕೇಳಬೇಡ. ಮೂರು ತಟ್ಟಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಒಮ್ಮೆ ಕಣಜ ಒಳಗೆ ನುಗ್ಗಿದಾಗ, ಇನ್ನೊಮ್ಮೆ ಮಗಳು ಹುಟ್ಟುವ ನೋವು ಕಾಣಿಸಿಕೊಂಡಾಗ. ಕಣಜದ ಸಲವೇ ಅವನು ಹೆಚ್ಚು ಗಾಬರಿಯಾಗಿದ್ದು.

ಐದು ತಿಂಗಳ ಹಿಂದೆ ಒಂದು ಬಾಗಿಲಿನ ಕೆಲಸದಲ್ಲಿ ಟಣ್ ಅನ್ನಬೇಕಾದಲ್ಲಿ ಡಬ್ ಅಂದಿತು. ತನ್ನ ಕೈಯೇ ಜಾರಿತು ಅಂದುಕೊಂಡಳು. ಮರುದಿನ ಕಿವಿ ನೆಟ್ಟು ಕೇಳಿದಳು. ಮುಟ್ಟಿದ್ದು ಒಂದು ಕಡೆ, ಹೊಡೆದದ್ದು ಒಂದು ಬೆರಳು ಎಡಕ್ಕೆ. ಮನೆಯಲ್ಲೂ ಅಷ್ಟೇ, ಲೋಟದ ಪಕ್ಕಕ್ಕೆ ನೀರು ಹುಯ್ದು ಮೇಜಿನ ಕಾಲು ಸರಿಯಿಲ್ಲ ಅಂತ ಬೈದ. ಬೆಳಕಿಗೆ ತಿರುಗಿದಾಗ ನೋಡಿದರೆ ಬಲಗಣ್ಣಿನ ಪಾಪೆಯಲ್ಲಿ ಅಕ್ಕಿ ತೊಳೆದ ನೀರಿನಂಥ ಮಬ್ಬು.

"ಕಣ್ಣಿನ ಡಾಕ್ಟರ ಹತ್ರ ಒಂದ್ಸಲ ಹೋಗಿಬರೋಣ್ವೇನ್ರೀ?"

"ಯಾಕೆ, ನಿನ್ನ ಮುಖ ಇನ್ನೂ ಚೆನ್ನಾಗಿ ಕಾಣಬೇಕಾ? ಕಂಡಷ್ಟು ಸಾಕು ಬಿಡು."

ಅವಳು ಬಿಟ್ಟಳು. ಬಿಟ್ಟು, ಬೇರೆ ದಾರಿ ಹಿಡಿದಳು. ಅವನು ಇಲ್ಲಿ ಅಂದರೆ ಅವಳು ಡಾಲಿಯನ್ನು ಒಂದು ಬೆರಳು ಎಡಕ್ಕೇ ಹಿಡಿಯತೊಡಗಿದಳು, ಏಟು ಬೀಳುವಲ್ಲಿಗೆ. ಮತ್ತೆ ಟಣ್ ಟಣ್. ತನ್ನ ಕೈ ಚಿನ್ನದಂಥದ್ದು ಅಂತ ಅವನು ಹಿಗ್ಗಿದ. ಗಂಡನ ಮಾನ ಉಳಿಸಿದೆ ಅಂತ ಅವಳೂ ಹಿಗ್ಗಿದಳು.

ಈ ದಿನ ಆ ಹಿಗ್ಗು ಇಳಿದುಹೋಗುತ್ತಿತ್ತು. ಅಂಚುಗಳ ವೆಲ್ಡಿಂಗ್ ಮುಗಿದು, ಬಿಸಿಗೆ ಅಲೆಯೆದ್ದಿದ್ದ ಹಿಂಭಾಗವನ್ನು ಬೆಳಿಗ್ಗೆಯೇ ಸಮ ಮಾಡಿದ್ದರು. ಮಧ್ಯಾಹ್ನದ ಊಟವಾದ ಮೇಲೆ ನಡುಭಾಗಕ್ಕೆ ಬಂದರು. ಸ್ಟೂಲಿನಿಂದ ಮುಂದಕ್ಕೆ ಬಾಗಿ, ಕೈ ಚಾಚಿ ಹೊಡೆಯಬೇಕು. ಈಗ ಏಟು ಒಂದು ಬೆರಳಲ್ಲ, ಒಮ್ಮೆ ಎರಡು ಬೆರಳು ಎಡಕ್ಕೆ, ಒಮ್ಮೆ ಬಲಕ್ಕೆ. ಅಂದಾಜೇ ಸಿಗುತ್ತಿಲ್ಲ.  ಬೆವರು ಕಣ್ಣಿಗಿಳಿಯಿತು.

ಡಬ್.

"ಎಲ್ಲೇ ಹಿಡಿದಿದ್ದೆ?" ಮೇಲಿಂದ ಗಂಡನ ದನಿ.

ಅವಳು ತಗಡನ್ನು ಸವರಿದಳು. ಹುರುಳಿಕಾಳಿನಷ್ಟು ಹಳ್ಳ ಒಳಗಿಂದ ಬೆರಳಿಗೆ ಸಿಕ್ಕಿತು.

"ಅತ್ತಿಗೆ, ಊಟ ಜಾಸ್ತಿಯಾಯ್ತಾ? ಒಳಗೇ ನಿದ್ದೆ ಹೊಡೀತಿದ್ದೀರೋ ಹೇಗೆ?" ಮೈದುನ ನಗಾಡಿದ.

"ನೀನು ನಿನ್ನ ಬೆಂಕಿ ನೋಡ್ಕೋ" ಅಂದಳು.

ಮತ್ತೆ ಮುಟ್ಟಿದ. ಅವಳು ಎಡಕ್ಕೆ ಹಿಡಿಯಲೇ, ಹೇಳಿದಲ್ಲೇ ಹಿಡಿಯಲೇ ಅಂತ ತಡವರಿಸುತ್ತ ಒಂದು ತಟ್ಟಿದಳು. ಡಬ್. ಇದು ಡಾಲಿಯ ಅಂಚನ್ನು ಸವರಿಕೊಂಡು, ಅವಳ ಹೆಬ್ಬೆರಳಿನ ಪಕ್ಕದಲ್ಲೇ ಬಿತ್ತು. ಅಂಗೈಯಿಂದ ನಡುಭಾಗವನ್ನು ಮೆಲ್ಲಗೆ ಒತ್ತಿ ನೋಡಿದಳು. ತಗಡು ಇನ್ನೂ ಬಿಗಿಯಾಗಿಯೇ ಇತ್ತು. ಆದರೆ ಅದರ ದನಿ ಇಳಿದಿತ್ತು. ಒಡೆಯುವ ಮೊದಲು ಮಡಕೆ ಒಂದು ತೆರನಾಗಿ ಸದ್ದು ಮಾಡುತ್ತದಲ್ಲ, ಹಾಗೆ. ಇನ್ನು ನಾಲ್ಕೇ ನಾಲ್ಕು ತಪ್ಪು ಏಟು ಸಾಕು.

ಹೇಳಿದರೆ ಗಂಡನ ಎದೆ ಒಡೆಯುತ್ತದೆ. ಹೇಳದಿದ್ದರೆ ತಗಡು ಒಡೆಯುತ್ತದೆ, ಅದರ ಜೊತೆ ಅವನ ಮಾತೂ.

ಅವನು ಮತ್ತೆ ಮೆಲ್ಲಗೆ ಮುಟ್ಟಿದ. ಇಲ್ಲಿ.

ಅವಳು ತಟ್ಟಿದಳು. ಒಂದು. ಎರಡು. ಮೂರು.

ಮೇಲೆ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಕಾರಿನಿಂದ ಇಳಿದು ಅವಳು ಮೊದಲು ಮೈದುನನಿಗೆ ಹೇಳಿದಳು: "ಬೀದಿ ಕೊನೇ ನಲ್ಲಿಯಿಂದ ಎರಡು ಕೊಡ ನೀರು ತಗೊಂಡ್ ಬಾರಪ್ಪ."

"ಡ್ರಮ್ಮಲ್ಲಿ ಇದೆಯಲ್ಲ ಅತ್ತಿಗೆ?"

"ಅದು ಸರಿಯಿಲ್ಲ."

ಅತ್ತಿಗೆಯ ಮುಖ ನೋಡಿ ಅವನು ಕೊಡ ಎತ್ತಿಕೊಂಡು ಹೊರಟ.

ಕೊಯ್ದಿಟ್ಟ ಹಳೆಯ ಛಾವಣಿ ಅಂಗಳದಲ್ಲಿ ಬಿದ್ದಿತ್ತು. ಗಂಡನನ್ನು ಅಲ್ಲಿಗೆ ಕರೆದು, ಅವಳು ಸೀಮೆಸುಣ್ಣದಿಂದ ಅದರ ಮೇಲೆ ರೂಪಾಯಿಯಗಲದ ಒಂದು ಸುತ್ತು ಬರೆದಳು. "ಇದರೊಳಗೆ ಹತ್ತು ಏಟು ಹಾಕಿ."

"ಏನೇ ಇದು, ಮಕ್ಕಳಾಟ?"

"ಮೂರು ತಟ್ಟಿದ್ದೀನಿ. ಯಾಕೆ ಅಂತ ಕೇಳೋ ಹಾಗಿಲ್ಲ."

ಅವನು ಹೊಡೆದ. ಮೊದಲ ಏಟು ನಗುತ್ತ, ಎರಡನೆಯದು ಹುಬ್ಬು ಗಂಟಿಕ್ಕಿ. ಐದನೆಯದಕ್ಕೆ ಬಗ್ಗಿ ಕೂತ. ಹತ್ತು ಮುಗಿದಾಗ ಸುತ್ತಿನೊಳಗೆ ಮೂರು ಗುರುತು, ಹೊರಗೆ ಏಳು. ಅವನು ಬೆರಳಿನಿಂದ ಒಂದೊಂದನ್ನೇ ಸವರಿ ಎಣಿಸಿದ. ಮತ್ತೊಮ್ಮೆ ಎಣಿಸಿದ, ಲೆಕ್ಕ ಬದಲಾಗುತ್ತದೇನೋ ಅನ್ನುವಂತೆ.

"ಎಷ್ಟು ದಿನದಿಂದ?"

"ಐದು ತಿಂಗಳು."

"ಮತ್ತೆ ಆ ಬಾಗಿಲುಗಳು? ಅವೆಲ್ಲ ಸರಿಯಾಗಿತ್ತಲ್ಲ?"

"ನೀವು ಹೊಡೆದ ಕಡೆ ನಾನು ಹಿಡೀತಿದ್ದೆ."

ಅವನ ಕತ್ತಿನ ನರ ಉಬ್ಬಿತು. "ಐದು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ಯಾ? ನನ್ನ ಕೈಯನ್ನ ನನಗೇ ಸುಳ್ಳು ಮಾಡಿಬಿಟ್ಟೆಯಲ್ಲೇ. ಅವತ್ತೇ ಹೇಳಿದ್ರೆ ಅಷ್ಟು ಜನರ ಮುಂದೆ ಆ ಮಾತು ಆಡ್ತಿದ್ನಾ ನಾನು?"

"ತಪ್ಪಾಯ್ತು" ಅಂದಳು.  ಅವನು ಹೇಳಿದ್ದು ನಿಜವಾಗಿತ್ತು.

ಅವನು ಎದ್ದು ಡ್ರಮ್ಮಿನ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ. ಒಡೆಯರು ದಿನಾ ನಾಲ್ಕು ಗಂಟೆಗೆ ಬರುವವರು, ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಾನೇನೋ ಅಂತ ಅವಳು ಎದೆ ಹಿಡಿದು ನಿಂತಳು. ಅವನು ಕಾರನ್ನು ಸುತ್ತಿ ಆ ಕಡೆಯ ಬಾಗಿಲಿನಿಂದ ಒಳಗೆ ತೂರಿ, ಮಣೆಯ ಮೇಲೆ ಕೂತು, ಕೈ ಚಾಚಿದ.

"ಡಾಲಿ ಕೊಡು. ಅಂಗೈಗೆ ಕಣ್ಣು ಬೇಕಾಗಿಲ್ಲ."

"ನಾನು ಹೊಡೆಯೋದಾ?"

"ಮತ್ತೆ ಟಯರ್ ಅಂಗಡಿಯವನನ್ನ ಕರೀಲಾ? ಮೂವತ್ತು ವರ್ಷ ನನ್ನ ಏಟು ಕೇಳಿದ್ದೀಯ. ಅದೇ ಹೊಡಿ. ಮಣಿಕಟ್ಟು ಸಡಿಲ ಬಿಡು, ಸುತ್ತಿಗೆ ತಾನೇ ಎದ್ದು ಬರಬೇಕು."

ಸ್ಟೂಲು ಹತ್ತಿದಳು. ಮೊದಲ ಸಲ ಛಾವಣಿಯನ್ನು ಹೊರಗಿನಿಂದ ನೋಡಿದಂತಾಯಿತು, ಕೆರೆಯಷ್ಟು ಅಗಲ ಕಂಡಿತು. ಒಳಗಿಂದ ಒಂದು ತಟ್ಟು. ಉಸಿರು ಬಿಗಿಹಿಡಿದು ಹೊಡೆದಳು.

ಟಣ್.

"ಮೆಲ್ಲಗೆ. ರೊಟ್ಟಿ ತಟ್ತಿಲ್ಲ ನೀನು."

ಟಣ್. ಟಣ್. ಎರಡು ತಟ್ಟು, ಜರುಗಿದಳು. ನೀರು ಹೊತ್ತು ಬಂದ ಮೈದುನ ಕೊಡ ಇಳಿಸುವುದನ್ನು ಮರೆತು ನಿಂತ. ಅವನ ಹಿಂದೆಯೇ ಒಡೆಯರೂ ಬಂದರು. ಅವರದು ಮೆತ್ತಗಿನ ಮಾತು, ಆದರೆ ಈಗ ಕೂಗಿಯೇಬಿಟ್ಟರು.

"ಏನಮ್ಮ ಇದು? ಮೇಸ್ತ್ರಿ ಎಲ್ಲಿ?"

"ಒಳಗಿದ್ದಾರೆ."

"ನಾನು ಕಾರು ಕೊಟ್ಟಿದ್ದು ಅವರ ಕೈಗೆ. ನಿಲ್ಲಿಸಿ, ದಯವಿಟ್ಟು ನಿಲ್ಲಿಸಿ!"

ಅವಳ ಕೈ ಗಾಳಿಯಲ್ಲೇ ನಿಂತಿತು. ಇಳಿಯಲೇ, ಹೊಡೆಯಲೇ? ಒಳಗಿಂದ ಒಂದು ತಟ್ಟು ಬಂತು. ಅವಳು ಹಾಗೇ ನಿಂತಳು. ಮತ್ತೊಮ್ಮೆ ಬಂತು, ಜೋರಾಗಿ, ಹೊಡಿಯೇ ಅನ್ನುವಂತೆ. ಹೊಡೆದಳು. ಒಡೆಯರು ಗೋಡೆಗೆ ಒರಗಿಸಿದ್ದ ತಮ್ಮ ಸೀಟಿನ ಮೇಲೆಯೇ ಕುಸಿದು ಕೂತು, ಪ್ರತಿ ಏಟಿಗೂ ಕಣ್ಣು ಮುಚ್ಚಿ ತೆರೆದರು.

ಐದೂವರೆಗೆ ಒಳಗಿಂದ ಮೂರು ತಟ್ಟು ಬಂತು.

ಗಂಡ ಇಳಿದು ಬಂದ. ಷರ್ಟು ಮೈಗಂಟಿತ್ತು. ಛಾವಣಿಯ ನಟ್ಟನಡುವೆ ಅಂಗೈಯಿಟ್ಟು ಒಡೆಯರನ್ನು ಹತ್ತಿರ ಕರೆದ. "ನೀವೇ ಒತ್ತಿ. ಡುಬುಕ್ ಅಂದ್ರೆ ಕೆಟ್ಟಿತು ಅಂತ ಲೆಕ್ಕ."

ಒಡೆಯರು ಎರಡೂ ಕೈಯಿಟ್ಟರು.  ಒತ್ತಿದರು. ಇನ್ನೂ ಜೋರಾಗಿ ಒತ್ತಿದರು. ತಗಡು ತುಸು ಬಾಗಿ, ಸದ್ದಿಲ್ಲದೆ ಮೇಲೆದ್ದು ನಿಂತಿತು.

ಒಡೆಯರ ಕೈ ಹಾಗೇ ಸವರುತ್ತ ಹೋಗಿ ಒಂದು ಕಡೆ ನಿಂತಿತು. "ಇಲ್ಲೇನೋ ಸಣ್ಣದಾಗಿ..."

"ನನ್ನದು" ಅಂದಳು ಅವಳು ಥಟ್ಟನೆ. "ನಾನೇ ತಪ್ಪಿ..."

"ಸುಮ್ನಿರೇ" ಅಂದ ಗಂಡ. "ಮತ್ತೆ ಶುರು ಮಾಡಬೇಡ." ಒಡೆಯರ ಕಡೆ ತಿರುಗಿದ. "ಎರಡು ಹಳ್ಳ ಇತ್ತು, ಎರಡೂ ನನ್ನ ಏಟು. ಒಂದನ್ನ ಎತ್ತಿದ್ವಿ. ಇದನ್ನ ಎತ್ತಕ್ಕೆ ಹೋದ್ರೆ ತಗಡು ಹಿಗ್ಗುತ್ತೆ, ಅದಕ್ಕೆ ಬಿಟ್ಟೆ. ನನ್ನ ಬಲಗಣ್ಣು ಸರಿಯಾಗಿ ಕಾಣಲ್ಲ. ನಾಳೆ ಡಾಕ್ಟರಿಗೆ ತೋರಿಸ್ತೀನಿ. ಕಣ್ಣು ಸರಿಹೋಗೋವರೆಗೂ ಸುತ್ತಿಗೆ ಇವಳದು. ಒಪ್ಪಿಗೆಯಿದ್ರೆ ಇಲ್ಲಿರಲಿ, ಇಲ್ಲಾಂದ್ರೆ ಕಾರು ತಗೊಂಡ್ ಹೋಗಿ."

ಒಡೆಯರು ಹುರುಳಿಕಾಳಿನಷ್ಟು ಆ ಹಳ್ಳದ ಮೇಲೆ ಬೆರಳಾಡಿಸಿದರು. ಸ್ಟೂಲಿನ ಮೇಲೆ ಇನ್ನೂ ಸುತ್ತಿಗೆ ಹಿಡಿದು ನಿಂತಿದ್ದವಳನ್ನು ನೋಡಿದರು.

"ಮುಂಭಾಗ ಉಳಿದಿದೆಯಲ್ಲಮ್ಮ" ಅಂದರು. "ನಾಳೆ ನಾನು ಬರೋದಿಲ್ಲ. ನನಗೆ ನೋಡೋಕಾಗಲ್ಲ. ಮುಗಿಸಿ ಹೇಳಿ ಕಳಿಸಿ."

ಅವರು ಹೋದ ಮೇಲೆ ಮೈದುನ ಬಾಯಿ ಬಿಟ್ಟ: "ಅಣ್ಣ, ಹಾಗಾದ್ರೆ ಇನ್ಮೇಲೆ ಬೀದಿಯವರು ನಿನ್ನ ಏನಂತ ಕರೀಬೇಕು?"

"ನಿನ್ನ ನಾಲಿಗೆಗೂ ವೆಲ್ಡಿಂಗ್ ಮಾಡ್ತೀನಿ, ತಾಳು" ಅಂದ ಗಂಡ. ಕತ್ತು ತಿರುಗಿಸಿ, ಭುಜ ತಿಕ್ಕಿಕೊಂಡು ನರಳಿದ. "ಅಬ್ಬಾ, ಒಳ್ಳೇ ಒಲೆಯೊಳಗೆ ಕೂತ ಹಾಗೆ. ಮೂವತ್ತೊಂದು ವರ್ಷ ಹೇಗೆ ಕೂತಿದ್ಯೇ ಅಲ್ಲಿ?"

"ಬಾಯಿ ಮುಚ್ಕೊಂಡು" ಅಂದಳು ಅವಳು, ಸ್ಟೂಲಿನಿಂದ ಇಳಿಯುತ್ತ.