ನಿಂತ ಮಗ್ಗದ ಸಪ್ಪಳ

ಕಲೆ ಗ್ಯಾಲರಿ ಬಿಟ್ಟು ಜನರಿರುವಲ್ಲಿಗೆ ಹೋಗಬೇಕೆಂಬುದು ನನ್ನ ವಾದ. ಯಾವ ಸಂಸ್ಥೆಗೂ ಸೇರದೆ ಪ್ರದರ್ಶನ ಏರ್ಪಡಿಸುವುದೇ ನನ್ನ ಉದ್ಯೋಗ. ಈ ವಾದದಲ್ಲಿ ನಾನು ಸೋತದ್ದು ಕಡಿಮೆ.

ಕಳೆದ ವರ್ಷ ಬನಹಟ್ಟಿಯಲ್ಲಿ, ಮಗ್ಗಗಳನ್ನು ಮಾರಿ ಬಾಗಿಲು ಮುಚ್ಚಿದ್ದ ಪವರ್‌ಲೂಮ್ ಶೆಡ್ಡೊಂದನ್ನು ಪ್ರದರ್ಶನಕ್ಕೆಂದು ಬಾಡಿಗೆಗೆ ಹಿಡಿದೆ. ಕಲಾವಿದ ಗೆಳೆಯ ಬೇರೆ ಕಡೆಯ ಮಗ್ಗಗಳ ಸಪ್ಪಳ ರೆಕಾರ್ಡ್ ಮಾಡಿ ತಂದಿದ್ದ. ಪ್ರದರ್ಶನದ ದಿನ ಬೆಳಿಗ್ಗೆ ಸ್ಪೀಕರ್ ಪರೀಕ್ಷಿಸಲು ಅದನ್ನು ಜೋರಾಗಿ ಹಾಕಿದೆವು.

ಸ್ವಲ್ಪ ಹೊತ್ತಿಗೆ ಬುತ್ತಿ ಹಿಡಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಮೊದಲು ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದವರಂತೆ.

“ಹೊಸಾ ಮಗ್ಗ ಬಂದಾವೇನ್ರಿ?”

“ಇಲ್ರಿ ಅಕ್ಕಾರ, ಇದು ಪ್ರದರ್ಶನ. ಬರೇ ಸಪ್ಪಳ.”

ಅವರು ಒಳಗೆ ಬಂದು ಸ್ಪೀಕರುಗಳನ್ನು ನೋಡಿದರು. “ಕೆಲಸ ಇಲ್ಲಂದ್ರ ಯಾಕ್ ಕರದ್ರಿ?”

“ನಾವ್ ಯಾರನ್ನೂ ಕರದಿಲ್ರಿ.”

“ಸಪ್ಪಳ ಕೇಳಿ ಕೆಲಸಕ್ಕ ಬರೂ ಮಂದಿರೀ ನಾವು. ಮತ್ತ್ ಹೆಂಗ್ ಕರೀತಾರ?”

ಅಷ್ಟು ಹೇಳಿ ಅವರು ಹೊರಟರು. ಓಣಿಯಲ್ಲಿ ಇನ್ನಿಬ್ಬರು ಬುತ್ತಿ ಹಿಡಿದು ಬರುತ್ತಿದ್ದರು. ಇವರು ತಡೆದು ಏನೋ ಹೇಳಿದರು, ಮೂವರೂ ಹಿಂದಿರುಗಿದರು. ನಾನು ಸ್ಪೀಕರ್ ಬಂದ್ ಮಾಡಿದೆ.

ಸಂಜೆ ಜಮಖಂಡಿಯಿಂದ ಬಂದ ಅತಿಥಿಗಳು ಸಪ್ಪಳವೆಲ್ಲಿ ಎಂದು ಕೇಳಿದರು. ಅದನ್ನು ಹಾಕಿದರೆ ಜನ ಕೆಲಸ ಕೇಳಿಕೊಂಡು ಬರುತ್ತಾರೆ, ಅದಕ್ಕೇ ಬಂದ್ ಮಾಡಿದೆ ಎಂದೆ. ಒಬ್ಬರು ಖಾಲಿ ಶೆಡ್ಡನ್ನು ನೋಡುತ್ತ ತಲೆದೂಗಿದರು. “ಭಾಳ ಛಲೋ ಕಲ್ಪನಾ ಐತ್ರಿ.”

ನಾನು ವಾದಿಸಲಿಲ್ಲ.