ಇಳಿಜಾರು ಹುಡುಕುತ್ತಿದ್ದ ಕಸ್ತೂರಿ ಸಿಸ್ಟರ್

ಸಮತಟ್ಟಾದ ನೆಲವನ್ನು ಕಸ್ತೂರಿ ಸಿಸ್ಟರ್ ನಂಬುತ್ತಿರಲಿಲ್ಲ. ಎಲ್ಲಿಗೆ ಹೋದರೂ ತಮ್ಮ ಹಳೆಯ ಡೀಸೆಲ್ ಜೀಪನ್ನು ಇಳಿಜಾರಿನಲ್ಲಿ, ಮೂತಿ ಕೆಳಗಾಗುವಂತೆ ನಿಲ್ಲಿಸಿ, ಚಕ್ರದ ಮುಂದೆ ಕಲ್ಲಿಟ್ಟು, ಎರಡು ಬೀದಿ ದೂರವಾದರೂ ನಡೆದೇ ಬರುತ್ತಿದ್ದರು. ಇಳಿಜಾರು ಸಿಗದ ಕಡೆ ಎಂಜಿನ್ ಆರಿಸುತ್ತಲೇ ಇರಲಿಲ್ಲ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಮುಂದಿನ ರಸ್ತೆ ಹಲಗೆಯಂತೆ ಚಪ್ಪಟೆ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ಜೀಪು ಗುಡುಗುಡು ಎನ್ನುತ್ತಿರುವಾಗ ಅವರು ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದು ನನ್ನ ತಾಯಿ ಎಷ್ಟು ಕರೆದರೂ ಒಂದೇ ಉತ್ತರ.

"ನಿಮ್ಮನ್ನ ನೋಡಾಕ ಬಂದಿಲ್ರಿ ಯವ್ವಾ. ಬ್ಯಾಟರಿ ಚಾರ್ಜ್ ಮಾಡಾಕ ಬಂದೀನಿ. ನಡುವ ಚಹಾ ಸಿಕ್ತು, ಕುಡದೆ."

ಅದು ನಿಜವೂ ಆಗಿತ್ತು. ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದ ಅವರು ಖಾನಾಪುರದಲ್ಲಿ ಒಬ್ಬರೇ ಇದ್ದರು. ನಿವೃತ್ತಿಯ ಹಣದಲ್ಲಿ ಬಂಗಾರ ಕೊಳ್ಳಲಿಲ್ಲ, ಸೈಟು ಕೊಳ್ಳಲಿಲ್ಲ. ಈ ಜೀಪು ಕೊಂಡರು. ಬಸ್ಸು ಹೋಗದ ಹಳ್ಳಿಗಳಿಂದ ಬಸುರಿಯರನ್ನು ಆಸ್ಪತ್ರೆಗೆ ತಲುಪಿಸುವುದು ಅದರ ಕೆಲಸ. ಕರೆ ಬಾರದ ದಿನಗಳಲ್ಲಿ ಜೀಪು ಸುಮ್ಮನೆ ನಿಲ್ಲುತ್ತಿತ್ತು. ಸುಮ್ಮನೆ ನಿಂತ ಗಾಡಿಯ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ಐದು ನಿಮಿಷ ಎಂಜಿನ್ ಓಡಿಸಿ ಆರಿಸಿದರೆ ತುಂಬುವುದಿಲ್ಲ, ದೂರದ ಓಟವೇ ಬೇಕು. ಆದ್ದರಿಂದ ಖಾನಾಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಖಾನಾಪುರಕ್ಕೆ ಈ ಭಾನುವಾರದ ಪ್ರಯಾಣ.

ಇಳಿಜಾರಿನ ಹಟಕ್ಕೂ ಒಂದು ಕಾರಣವಿತ್ತು. ಅದನ್ನು ಅವರು ನನಗೆ ಒಮ್ಮೆ ಮಾತ್ರ, ಗಾಡಿ ಓಡಿಸುತ್ತ, ಮುಖ ತಿರುಗಿಸದೆ ಹೇಳಿದರು. ಜೀಪು ಕೊಂಡ ಹೊಸತು. ಲೋಂಡಾದ ಆಚೆಗಿನ, ನಾಲ್ಕಾರು ಮನೆಗಳ ಒಂದು ವಾಡಿಯಲ್ಲಿ ನೋವು ತಿನ್ನುತ್ತಿದ್ದ ಹೆಂಗಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದಷ್ಟೇ ಬಂತು. ಗಂಡಸರು ಕೆಲಸಕ್ಕೆ ಹೋಗಿದ್ದರು. ಊರಿನ ಹೆಂಗಸರೆಲ್ಲ ಸೇರಿ ಸಮತಟ್ಟಾದ ಕೆಸರಿನಲ್ಲಿ ಜೀಪು ತಳ್ಳಿದರು, ಅದು ಅಲುಗಲಿಲ್ಲ; ಇಳಿಜಾರಿದ್ದರೆ ಉರುಳುವ ವೇಗಕ್ಕೇ ಎಂಜಿನ್ ಚಾಲೂ ಆಗುತ್ತಿತ್ತು. ಹೆರಿಗೆ ಜೀಪಿನಲ್ಲೇ ಆಯಿತು. ತಾಯಿ ಉಳಿದಳು.

"ಕೂಸು ಹೊಟ್ಟ್ಯಾಗ ಚಲೋನ ಇತ್ತು, ತಂಗಿ," ಎಂದರು. "ಬ್ಯಾಟರಿ ಚಲೋ ಇರ್ಲಿಲ್ಲ."

ನಾನು ಹೆಣ್ಣುಮಕ್ಕಳ ಆರೋಗ್ಯದ ಹಕ್ಕಿಗಾಗಿ ಹೋರಾಡುವ ಒಂದು ಸಣ್ಣ ಸಂಘಟನೆಯವಳು. ಆ ಒಂದು ಮಾತಿನಲ್ಲಿ ನನಗೆ ಕೇಳಿಸಿದ್ದು ಒಂದು ಬ್ಯಾಟರಿಯ ದೋಷವಲ್ಲ. ಆ ವಾಡಿಗೆ ರಸ್ತೆ ಇರಲಿಲ್ಲವೆಂಬುದು ತಪ್ಪು. ಆಂಬುಲೆನ್ಸ್ ಇರಲಿಲ್ಲವೆಂಬುದು ತಪ್ಪು. ಹುಟ್ಟಲಿರುವ ಮಗುವಿನ ಉಸಿರನ್ನು ನಿವೃತ್ತ ನರ್ಸೊಬ್ಬರ ಸ್ವಂತ ಜೀಪಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ವ್ಯವಸ್ಥೆ ಎಲ್ಲಕ್ಕಿಂತ ದೊಡ್ಡ ತಪ್ಪು. ಮುಂದೆ ಜೀಪು ಒಂದು ಕಡೆ ನಿಂತು ಮತ್ತೆ ಹೊರಡುವವರೆಗೂ ನಾನು ಇದನ್ನೆಲ್ಲ ಹೇಳುತ್ತಲೇ ಇದ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಖರೇ ಐತಿ. ಆದ್ರ ಮೊದಲ ಕಲ್ಲ ತಗಿ, ಹೋಗೂಣು."

ಚಕ್ರದ ಮುಂದಿನ ಕಲ್ಲನ್ನು ತೆಗೆಯುವುದು ನನ್ನ ಕೆಲಸವಾಗಿತ್ತು.

ಜೀಪಿನ ಬ್ಯಾಟರಿಯ ಆಯುಷ್ಯ ಮುಗಿದಾಗ ಹೊಸದನ್ನು ಕೊಳ್ಳಲು ನನ್ನನ್ನೂ ಕರೆದೊಯ್ದರು. ಬೆಳಗಾವಿಯ ಬ್ಯಾಟರಿ ಅಂಗಡಿಯ ಇಮ್ತಿಯಾಜ್ ಭಾಯಿ ಅವರ ಹಳೆಯ ಪರಿಚಯ. ಸಿಸ್ಟರ್ ಬರುವುದನ್ನು ಕಂಡರೆ ಭಾಯಿ ಸಂತೋಷವನ್ನೂ ಭಯವನ್ನೂ ಒಟ್ಟಿಗೆ ಪಡುತ್ತಿದ್ದರು. ಅವರು ಮುಂದಿಟ್ಟ ಮೊದಲ ಬ್ಯಾಟರಿಯನ್ನು ಸಿಸ್ಟರ್ ತಿರುಗಿಸಿ ತಯಾರಾದ ತಿಂಗಳನ್ನು ಓದಿ ಪಕ್ಕಕ್ಕೆ ಸರಿಸಿದರು. ಅಂಗಡಿಯ ಹಲಗೆಯ ಮೇಲೆ ವರ್ಷ ಕಳೆದದ್ದು ಅವರಿಗೆ ಬೇಡವಾಗಿತ್ತು. ಎರಡನೆಯದು ಇನ್ನೂ ದೊಡ್ಡದು, ಇನ್ನೂ ಹೆಚ್ಚು ಶಕ್ತಿಯದು ಎಂದು ಇಮ್ತಿಯಾಜ್ ಭಾಯಿ ಹೊಗಳಿದರು. ಸಿಸ್ಟರ್ ಬಟ್ಟೆ ಅಳೆಯುವ ಟೇಪು ತೆಗೆದು ಅಳೆದರು. ಜೀಪಿನಲ್ಲಿ ಬ್ಯಾಟರಿ ಇಡುವ ತಟ್ಟೆಯಲ್ಲಿ ಅದು ಕೂರುವಂತಿರಲಿಲ್ಲ. ಬಿಗಿಯಾಗಿ ಕೂರದ ಬ್ಯಾಟರಿ ಕಾಡಿನ ರಸ್ತೆಯ ಕುಲುಕಿಗೆ ಒಳಗೊಳಗೇ ಒಡೆಯುತ್ತದೆ ಎಂಬುದು ಅವರ ತಕರಾರು. ಮೂರನೆಯದರ ಅಳತೆ ಸರಿ, ತಿಂಗಳು ಸರಿ. ಆದರೆ ಪ್ಲಸ್ ಯಾವ ಬದಿಗಿದೆ ಎಂದು ನೋಡಿ, ಮೀಟರು ಹಚ್ಚಿಸಿ ಎದುರಿಗೇ ಪರೀಕ್ಷೆ ಮಾಡಿಸಿದ ಮೇಲೆಯೇ ಒಪ್ಪಿದ್ದು.

"ಸಿಸ್ಟರ್, ಮಗಳಿಗೆ ವರ ನೋಡೂಮುಂದ ನಾ ಇಷ್ಟ ನೋಡಿರ್ಲಿಲ್ರಿ," ಎಂದರು ಇಮ್ತಿಯಾಜ್ ಭಾಯಿ.

"ಅದಕ್ಕ ಅಳಿಯ ಹಂಗ ಅದಾನ," ಎಂದು ಸಿಸ್ಟರ್ ಬ್ಯಾಟರಿಯ ಮೈಮೇಲೆ ಬಿಳಿ ಎಣ್ಣೆಬಣ್ಣದಿಂದ ದೊಡ್ಡದಾಗಿ 'ಕ' ಎಂದು ಬರೆದರು. ಅವರ ಮನೆಯ ಕೊಡಪಾನ, ಕೊಡೆ, ಕುರ್ಚಿಗಳ ಮೇಲೂ ಅದೇ 'ಕ' ಇತ್ತು.

ಈ ನಡುವೆ ನಮ್ಮ ಹೋರಾಟಕ್ಕೆ ಒಂದು ಗೆಲುವು ಸಿಕ್ಕಿತು. ಲೋಂಡಾ ದಾರಿಯ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ಆಂಬುಲೆನ್ಸ್ ಬಂತು. ಊರಿನ ಹೆಸರನ್ನು ಬರೆಯುತ್ತಿಲ್ಲ. ಬರೆದರೆ ಇದು ಆ ಒಂದೇ ಊರಿನ ತಪ್ಪೆಂದು ಉಳಿದವರು ನಿರಾಳವಾಗುತ್ತಾರೆ. ಹಾರ ಹಾಕಿದರು, ಭಾಷಣ ಮಾಡಿದರು, ಚಾಲಕನನ್ನು ನೇಮಿಸುವುದನ್ನು ಮರೆತರು. ತಿಂಗಳುಗಟ್ಟಲೆ ಅದು ಅಂಗಳದಲ್ಲಿ ನಿಂತಿತು. ಕೊನೆಗೆ ಪರಶುರಾಮ ಎಂಬ ಚಾಲಕ ಬಂದು ಕೀಲಿ ತಿರುಗಿಸಿದ ದಿನ ಕೇಳಿಸಿದ್ದು ಅದೇ 'ಟಿಕ್'. ಹೊಸ ಬ್ಯಾಟರಿಯ ಮಂಜೂರಾತಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುತ್ತಿತ್ತು.

ಸೋಮವಾರ ಧರಣಿ ಎಂದು ನಾವು ನಿರ್ಧರಿಸಿದೆವು. ಸತ್ತ ಆಂಬುಲೆನ್ಸಿನ ಬಾನೆಟ್ ಎತ್ತಿ ಪತ್ರಕರ್ತರಿಗೆ ತೋರಿಸುವುದು, ಆರೋಗ್ಯ ಇಲಾಖೆಯ ಅಧಿಕಾರಿಯನ್ನು ಅಲ್ಲಿಗೇ ಕರೆಸುವುದು ನಮ್ಮ ಯೋಜನೆ. ಭಾನುವಾರ ಗೇಟಿನ ಬಳಿ ಸಿಸ್ಟರ್‌ಗೆ ಇದನ್ನು ಹೇಳಿದೆ. ಅವರು ಕೇಳಿದ್ದು, ಅದರ ಬ್ಯಾಟರಿ ಎಷ್ಟು ಉದ್ದ, ಪ್ಲಸ್ ಯಾವ ಬದಿಗೆ ಎಂದಷ್ಟೇ. ನನ್ನ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, ಚಹಾದ ಬಟ್ಟಲು ಕೊಟ್ಟು ಹೊರಟರು.

ಸೋಮವಾರ ಫಲಕ ಹಿಡಿದು ನಾವು ಹೋದಾಗ ಅಂಗಳ ಖಾಲಿ ಇತ್ತು. ಬೆಳಿಗ್ಗೆಯೇ ಒಂದು ವಾಡಿಯಿಂದ ಕರೆ ಬಂದು ಆಂಬುಲೆನ್ಸ್ ಹೆರಿಗೆಗೆ ಹೋಗಿದೆ ಎಂದು ಕೇಂದ್ರದವರು ಹೇಳಿದರು. ಸಿಸ್ಟರ್ ಆಚೆಯ ಇಳಿಜಾರಿನಲ್ಲಿ ಜೀಪಿಗೆ ಒರಗಿ ನಿಂತಿದ್ದರು. ಅವರ ಹೊಸ ಬ್ಯಾಟರಿ ಆಂಬುಲೆನ್ಸಿನಲ್ಲಿತ್ತು. ಆಂಬುಲೆನ್ಸಿನ ಸತ್ತ ಬ್ಯಾಟರಿ ಜೀಪಿನಲ್ಲಿತ್ತು. ಭಾನುವಾರ ಸಂಜೆಯೇ ಬಂದು ಅದಲುಬದಲು ಮಾಡಿ ಹೋಗಿದ್ದ ಅವರು, ಸೋಮವಾರ ಬರುವಾಗ ಇಳಿಜಾರಿನಲ್ಲಿ ಉರುಳಿಸಿಕೊಂಡೇ ಜೀಪು ಚಾಲೂ ಮಾಡಿದ್ದರು.

ನನಗೆ ಸಿಟ್ಟು ಬಂತು. ತಪ್ಪನ್ನು ತೋರಿಸಲು ಬಂದ ದಿನವೇ ನೀವು ಅದನ್ನು ಮುಚ್ಚಿಹಾಕಿದಿರಿ, ನಿಮ್ಮಂಥವರು ಹೀಗೆ ತೇಪೆ ಹಚ್ಚುತ್ತ ಹೋದರೆ ಸರ್ಕಾರ ಎಂದಿಗೂ ಎಚ್ಚರಗೊಳ್ಳುವುದಿಲ್ಲ ಎಂದೆ. ಆ ಮಾತು ಸುಳ್ಳೆಂದು ಇಂದಿಗೂ ನಾನು ಒಪ್ಪುವುದಿಲ್ಲ.

"ನಿನ್ನ ಜಗಳ ನಾಳೇನೂ ಇರ್ತೈತಿ ತಂಗಿ," ಎಂದರು ಅವರು. "ಆಕಿ ಬ್ಯಾನಿ ನಾಳೆ ತನಕ ಕಾಯೂದಿಲ್ಲ."

ಅಷ್ಟರಲ್ಲಿ ಅಧಿಕಾರಿಯ ಕಾರು ಬಂತು. ಆಂಬುಲೆನ್ಸ್ ಓಡುತ್ತಿದೆಯೆಂದು ತಿಳಿದು ಅವರ ಮುಖ ಅರಳಿತು. ಗಾಡಿ ಸುಸ್ಥಿತಿಯಲ್ಲಿರುವಾಗ ಧರಣಿ ಏಕೆ ಎಂದು ನಮ್ಮನ್ನೇ ಕೇಳಿದರು. ಬ್ಯಾಟರಿಯ ಅದಲುಬದಲು ತಿಳಿದಾಗ ಸಿಸ್ಟರ್ ಕಡೆ ತಿರುಗಿ, ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತನ್ನು ಬಿಚ್ಚಿ ಒಯ್ಯುವುದು ಅಪರಾಧ, ಇದಕ್ಕೆ ನೋಟಿಸು ಕೊಡಬೇಕಾಗುತ್ತದೆ ಎಂದರು. ನಮ್ಮವರೆಲ್ಲ ಒಮ್ಮೆಲೇ ಮಾತನಾಡತೊಡಗಿದರು. ಸಿಸ್ಟರ್ ಕೈಯೆತ್ತಿ ಸುಮ್ಮನಾಗಿಸಿದರು. ಆಗಲೇ ಆಂಬುಲೆನ್ಸ್ ಮರಳಿ ಅಂಗಳಕ್ಕೆ ಬಂತು. ಪರಶುರಾಮ ಇಳಿದು, ಖಾನಾಪುರದ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಆರಾಮ ಎಂದ.

ಸಿಸ್ಟರ್ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಆಮೇಲೆ ಅಧಿಕಾರಿಗೆ ಹೇಳಿದರು: "ತಪ್ಪಾತ್ರಿ ಸಾಹೇಬ್ರ. ನಿಮ್ಮ ಬ್ಯಾಟರಿ ನನ್ನ ಜೀಪಿನ್ಯಾಗ ಐತಿ, ಒಯ್ರಿ. ನನ್ನದನ್ನ ನನಗ ಬಿಚ್ಚಿ ಕೊಡ್ರಿ. ಪರಶ್ಯಾ, ಪಾನಾ ತಗೊಂಡ್ ಬಾ."

ಪರಶುರಾಮ ಬಾನೆಟ್ ಎತ್ತಿದ. ಬಿಳಿಯ 'ಕ' ಎಲ್ಲರಿಗೂ ಕಂಡಿತು. ಪತ್ರಕರ್ತರು ಮುಂದೆ ಬಂದರು. ಪರಶುರಾಮ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ, "ಬಿಚ್ಚಲೇನ್ರಿ ಸರ್?" ಎಂದು ಅಧಿಕಾರಿಯನ್ನು ಕೇಳಿದ.

ಅಧಿಕಾರಿ ಪತ್ರಕರ್ತರ ಕಡೆ ನೋಡಿದರು. "ಸದ್ಯಕ್ಕೆ ಬೇಡ," ಎಂದರು.

ಮರುದಿನದ ಪತ್ರಿಕೆಯಲ್ಲಿ ಬಂದದ್ದು ಸತ್ತ ಆಂಬುಲೆನ್ಸಿನ ಚಿತ್ರವಲ್ಲ. ನಿವೃತ್ತ ನರ್ಸೊಬ್ಬರ ಬ್ಯಾಟರಿಯಿಂದ ಓಡುವ ಸರ್ಕಾರಿ ಆಂಬುಲೆನ್ಸಿನ ಚಿತ್ರ. ನಮ್ಮ ಎಷ್ಟೋ ಮನವಿಗಳಿಗಿಂತ ಅದು ಹೆಚ್ಚು ಕೆಲಸ ಮಾಡಿತು. ಇದನ್ನು ಮೊದಲೇ ಯೋಚಿಸಿದ್ದಿರಾ ಎಂದು ಕೇಳಿದ್ದಕ್ಕೆ ಸಿಸ್ಟರ್, ಎಲ್ಲ ನಿನ್ನ ಸಹವಾಸದಿಂದ ಕಲಿತದ್ದು ಎಂದು ಬೈದರು. ಮಂಜೂರಾಗಿ ಬಂದ ಹೊಸ ಬ್ಯಾಟರಿಯ ಪ್ಲಸ್ ತಪ್ಪು ಬದಿಗಿತ್ತು, ತಂತಿ ಅಲ್ಲಿಗೆ ಮುಟ್ಟಲಿಲ್ಲ. ಅದು ಮರಳಿ ಹೋಗಿ ಸರಿಯಾದದ್ದು ಬರುವವರೆಗೆ 'ಕ' ಅಲ್ಲೇ ದುಡಿಯಿತು. ಅಲ್ಲಿಯವರೆಗೆ ಜೀಪನ್ನು ಇಳಿಜಾರು ಕಾಪಾಡಿತು.

ಕೊನೆಯ ಭಾನುವಾರ ಅವರು ಬಂದಾಗ ಮರಳಿ ಸಿಕ್ಕ ಬ್ಯಾಟರಿಯ ತುದಿಗಳ ಮೇಲೆ ಬಿಳಿಯ ಪುಡಿ ಕೂತಿತ್ತು; ಆಂಬುಲೆನ್ಸಿನಲ್ಲಿ ಅದನ್ನು ಯಾರೂ ಒರೆಸಿರಲಿಲ್ಲ. ಅಂದು ಮೊದಲ ಬಾರಿಗೆ ನಮ್ಮ ಗೇಟಿನ ಮುಂದೆ ಎಂಜಿನ್ ಆರಿಸಿದರು. ಮೊದಲು ಮೈನಸ್ ಬಿಚ್ಚಬೇಕು, ಹಚ್ಚುವಾಗ ಅದನ್ನೇ ಕೊನೆಗೆ ಹಚ್ಚಬೇಕು ಎಂದು ನನ್ನ ಕೈಯಿಂದಲೇ ಮಾಡಿಸಿದರು. ಸೋಡಾ ಪುಡಿ ಕಲಸಿದ ಬಿಸಿನೀರಿನಿಂದ ತುದಿಗಳನ್ನು ತೊಳೆಸಿ, ಒರೆಸಿ, ತಂತಿ ಬಿಗಿಸಿದ ಮೇಲೆ ವ್ಯಾಸಲೀನ್ ಸವರಿಸಿದರು. ಬ್ಯಾಟರಿಯೊಳಗೆ ಶುದ್ಧೀಕರಿಸಿದ ನೀರು ಬಿಟ್ಟು ನಳದ ನೀರು ಹಾಕಿದರೆ ನೋಡು ಎಂದು ಗದರಿದರು. ಏಕೆ ಕಲಿಸುತ್ತಿದ್ದಾರೆಂದು ನಾನು ಕೇಳಲಿಲ್ಲ. ಆ ಬೇಸಿಗೆಯಲ್ಲೇ ಅವರ ಹೃದಯ ನಿಂತಿತು.

ಜೀಪು ಈಗ ನಮ್ಮ ಸಂಘಟನೆಯದು. ಭಾನುವಾರ ಮನೆಯಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. ಬೆಳಿಗ್ಗೆ ಹೊರಟು ಆ ಊರಿನ ಆರೋಗ್ಯ ಕೇಂದ್ರದವರೆಗೆ ಹೋಗುತ್ತೇನೆ. ಅಲ್ಲಿ ಎರಡನೆಯ ಚಾಲಕನಿಲ್ಲ, ರಾತ್ರಿ ಪಾಳಿಗೆ ನರ್ಸ್ ಇಲ್ಲ, ವಾಡಿಯ ರಸ್ತೆ ಇನ್ನೂ ಆಗಿಲ್ಲ. ಇದನ್ನು ಬರೆಯುತ್ತಲೇ ಇದ್ದೇನೆ. ಪರಶುರಾಮ ಜೀಪಿನ ಸದ್ದಿಗೇ ಹೊರಗೆ ಬರುತ್ತಾನೆ.

"ನೀವೂ ಬಿಡವಲ್ರಿ ಅಕ್ಕಾರ. ಕುಂದರ್ರಿ, ಚಹಾ ತರಸ್ತೀನಿ."

ಮೊದಲು ಗಾಡಿ ಚಾಲೂ ಮಾಡು ಎನ್ನುತ್ತೇನೆ. ಅವನು ಕೀಲಿ ತಿರುಗಿಸುತ್ತಾನೆ. ಆಂಬುಲೆನ್ಸ್ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಆ ಸದ್ದನ್ನು ಕೇಳುತ್ತ ನಿಂತುಕೊಂಡೇ ಚಹಾ ಕುಡಿದು, ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿನವರೆಗೆ ನಡೆದು ಹೋಗಿ, ನಾನೇ ಬಗ್ಗಿ ಕಲ್ಲು ತೆಗೆಯುತ್ತೇನೆ.